ಬೈಗುಳಕ್ಕೆ ಭಾಷಾಂತರವುಂಟೆ?

ಪದಕ್ಕೆ ಪದವನ್ನು ಹೊಂದಿಸಿಕೊಡುವ ನಿಘಂಟು ಬೈಗುಳದ ಮುಂದೆ ಮೂಕವಾಗುತ್ತದೆ. 1914ರ ಏಪ್ರಿಲ್ 11ರಂದು ಲಂಡನ್ನಿನ ರಂಗಭೂಮಿಯಲ್ಲಿ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದ ನಾಯಕಿ ‘ಬ್ಲಡಿ’ ಎಂದಾಗ ಸಭ್ಯ ಸಮಾಜ ಬೆಚ್ಚಿಬಿದ್ದಿತು. ಅದನ್ನು ‘ರಕ್ತಸಿಕ್ತ’ವೆಂದು ಕನ್ನಡಿಸಿದರೆ ಬೆಚ್ಚುವವರಾರು? ನಗುವವರೇ ಹೆಚ್ಚು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಕಡೆಗೆ ಬಂದರೆ ಕಷ್ಟ ತಿರುಗುಮುರುಗಾಗುತ್ತದೆ. ಉಣ್ಣದೆ ಓಡುವ ಹುಡುಗನಿಗೆ ತಾಯಿ ‘ನಿನ್ನ ಹೆಣಾ ಎತ್ತಲಿ’ ಎನ್ನುತ್ತಾಳೆ. ಮರುಕ್ಷಣವೇ ತುತ್ತು ಮಾಡಿ ಬಾಯಿಗಿಡುತ್ತಾಳೆ. ಇದನ್ನು ಇಂಗ್ಲಿಷಿನಲ್ಲಿ ಪದಶಃ ಓದಿದವನಿಗೆ ಆ ತಾಯಿ ರಕ್ಕಸಿಯಾಗಿ ಕಂಡಾಳು! ಸಂತೆಯಲ್ಲಿ ಎದುರಾದ ಹಳೆಯ ಗೆಳೆಯ ‘ಏನಲೇ ಮಗನ’ ಎಂದರೆ ಅದು ಅಪ್ಪುಗೆಗೆ ಸಮ. ಹೊಲದ ಬದುವಿನ ಜಗಳದಲ್ಲಿ ಹಲ್ಲು ಕಚ್ಚಿ ಅದನ್ನೇ ಅಂದರೆ ಬಡಿಗೆ ಮೇಲೇಳುತ್ತದೆ. ಮಾತು ಒಂದೇ, ನಡುವಣ ಸಲಿಗೆ ಬೇರೆ.

ಇದು ಬರಿಯ ವಿನೋದದ ವಿಷಯವಲ್ಲ. ಶಾಂತಿಭಂಗಕ್ಕೆ ಕೆಣಕುವ ಉದ್ದೇಶದಿಂದ ಅವಮಾನಿಸುವುದು 1860ರ ಭಾರತೀಯ ದಂಡಸಂಹಿತೆಯ 504ನೆಯ ಕಲಮಿನಂತೆ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 352ನೆಯ ಕಲಮಿನಂತೆಯೂ ಅಪರಾಧವೇ. ಉದ್ದೇಶವೇ ಇಲ್ಲಿ ತಕ್ಕಡಿಯ ಮುಳ್ಳು. ಸಾಕ್ಷಿಯ ಮಾತು ಇಂಗ್ಲಿಷಿಗೆ ತಿರುಗುವಾಗ ಸಲಿಗೆಯ ‘ಮಗನ’ ನಿಂದೆಯಾದರೆ ನಿರಪರಾಧಿಗೆ ಕುತ್ತು. ನಿಂದೆಯ ‘ಮಗನ’ ಅಕ್ಕರೆಯಾದರೆ ನೊಂದವನಿಗೆ ಅನ್ಯಾಯ.

ಆದುದರಿಂದ ಬಲ್ಲ ಭಾಷಾಂತರಕಾರನು ಯಾರು, ಯಾರಿಗೆ, ಯಾವ ದನಿಯಲ್ಲಿ ಅಂದರೆಂದು ಮೊದಲು ಕೇಳುತ್ತಾನೆ. ಮೂಲದ ಮಾತನ್ನೂ ಪಕ್ಕದಲ್ಲಿ ಹಾಗೆಯೇ ಉಳಿಸುತ್ತಾನೆ.