ಗಿಡವೇ ಬಚ್ಚಿಟ್ಟುಕೊಂಡ ವೈರಸ್

ಒಂದು ಮಿಲಿಮೀಟರ್ ಉದ್ದದ ಗೆರೆ ಎಳೆಯಿರಿ. ಅದರ ಮೇಲೆ ಬಾಳೆಯ ಬಂಚಿ ಟಾಪ್ ವೈರಸ್ಸಿನ ಕಣಗಳನ್ನು ಒಂದರ ಪಕ್ಕ ಒಂದು ಕೂರಿಸುತ್ತ ಹೋದರೆ 50,000 ಹಿಡಿಸುತ್ತವೆ! ಹಾನಗಲ್ಲಿನ ರೈತ ಹೊಲದ ಬದುವಿನಲ್ಲಿ ಇಳಿಸಿಕೊಳ್ಳುವ ಗೇಣುದ್ದದ ಜಿ-9 ತಳಿಯ ಬಾಳೆಸಸಿಯೊಳಗೆ ಅಂಥ ಕಣ ಅಡಗಿದೆಯೇ ಎಂಬುದನ್ನು ಎಲೆಯ ಒಂದು ಚೂರು ಕೊಟ್ಟರೆ ಪ್ರಯೋಗಾಲಯ ಹೇಳಿಬಿಡುತ್ತದೆ. ಇದೇ ಒಂದು ಬೆರಗು. ಆದರೆ ಬಾಳೆ ಇದಕ್ಕಿಂತ ದೊಡ್ಡ ಗುಟ್ಟೊಂದನ್ನು ತನ್ನೊಳಗೆ ಇಟ್ಟುಕೊಂಡಿತ್ತು. ಅದು ಬಯಲಾದದ್ದು 1999ರಲ್ಲಿ. ಅಲ್ಲಿಗೆ ಹೋಗುವ ಮುನ್ನ ಸಸಿಯ ಸಂಗತಿ ಆಗಲಿ.

ಹಾನಗಲ್ಲು ಮಲೆನಾಡಿನ ಸೆರಗು. ಅಕ್ಕಿಆಲೂರು, ತಿಳವಳ್ಳಿ ಕಡೆ ಹೊಸದಾಗಿ ಅಡಿಕೆ ಹಾಕಿದವರು ಎಳೆಗಿಡಕ್ಕೆ ನೆರಳಾಗಲೆಂದು ಸಾಲಿನ ನಡುವೆ ಬಾಳೆ ಇಡುತ್ತಾರೆ. ಹಿಂದೆಲ್ಲ ಪಕ್ಕದವರ ತೋಟದಿಂದ ಮರಿ ಕಿತ್ತು ತಂದು ನೆಟ್ಟರೆ ಕೆಲಸ ಮುಗಿಯಿತು. ಗಡ್ಡೆಯ ಜೊತೆಗೆ ಅದನ್ನು ಕೊರೆಯುವ ಹುಳವೂ, ಬೇರಿನ ಜಂತುಹುಳವೂ, ಕಣ್ಣಿಗೆ ಕಾಣದ ವೈರಸ್ಸೂ ಪುಕ್ಕಟೆ ಬರುತ್ತಿದ್ದವು. ಈಗ ಬರುವುದು ಟಿಶ್ಯೂ ಬಾಳೆ. ಒಳ್ಳೆಯ ತಾಯಿಗಿಡದ ಮರಿಯಿಂದ ಬೆಳೆಯುವ ತುದಿಯನ್ನಷ್ಟೇ ಕೊಯ್ದು, ಮುರಾಶಿಗೆ ಮತ್ತು ಸ್ಕೂಗ್ ಎಂಬಿಬ್ಬರು 1962ರಲ್ಲಿ ಹೊಂದಿಸಿಕೊಟ್ಟ ಉಪ್ಪು-ಸಕ್ಕರೆ-ವಿಟಮಿನ್ನುಗಳ ಪಾಕದಲ್ಲಿ ಇಡುತ್ತಾರೆ. ಚಿಗುರು ಒಡೆಸುವ ಹಾರ್ಮೋನು ಸೇರಿಸಿದರೆ ಒಂದು ತುದಿ ಹಲವಾಗುತ್ತದೆ, ಹಲವು ನೂರಾರಾಗುತ್ತವೆ. ಎಲ್ಲಕ್ಕೂ ಒಂದೇ ವಯಸ್ಸು. ಗೊನೆಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬಲಿಯುವುದರಿಂದ ವ್ಯಾಪಾರಿಯ ಲಾರಿ ಒಂದೇ ಸಲಕ್ಕೆ ತುಂಬುತ್ತದೆ.

ಇಲ್ಲೊಂದು ಮೋಸವಿದೆ. ಬಾಟಲಿಯೊಳಗೆ ಬ್ಯಾಕ್ಟೀರಿಯಾ ಹೊಕ್ಕರೆ ಪಾಕ ಕದಡುತ್ತದೆ, ಬೂಷ್ಟು ಹೊಕ್ಕರೆ ಬೆಳ್ಳಗೆ ಹಬ್ಬುತ್ತದೆ. ಕೆಲಸದ ಹೆಣ್ಣುಮಗಳು ಕಂಡ ಕೂಡಲೇ ಆ ಬಾಟಲಿ ಎತ್ತಿ ಆಚೆಗಿಡುತ್ತಾಳೆ. ವೈರಸ್ಸಿಗೆ ಆ ಪಾಕ ಬೇಕಿಲ್ಲ, ಅದು ಜೀವಕೋಶದ ಒಳಗೇ ಬದುಕುವ ಜೀವಿ (ಜೀವಿ ಎನ್ನಬಹುದೇ ಎಂಬ ಜಗಳ ಇನ್ನೂ ಮುಗಿದಿಲ್ಲ, ಬಿಡಿ). ಕೋಶ ಎರಡಾದಾಗ ತಾನೂ ಹೆಚ್ಚುತ್ತದೆ. ಬಾಟಲಿ ತಿಳಿಯಾಗಿಯೇ ಇರುತ್ತದೆ, ಸಸಿ ಹಸಿರಾಗಿಯೇ ಇರುತ್ತದೆ. ತಾಯಿಯೊಂದಕ್ಕೆ ಸೋಂಕಿದ್ದರೆ ಸಾವಿರ ಮಕ್ಕಳಿಗೂ ಸೋಂಕು, ಅದೂ ಲಾರಿಯಲ್ಲಿ ಹತ್ತಾರು ಊರಿಗೆ! ಮರಿ ಕಿತ್ತು ನೆಡುತ್ತಿದ್ದ ಕಾಲದಲ್ಲಿ ರೋಗ ತೋಟದಿಂದ ತೋಟಕ್ಕೆ ನಡೆದು ಹೋಗುತ್ತಿತ್ತು. ತಪಾಸಣೆ ಇಲ್ಲದ ಟಿಶ್ಯೂ ಬಾಳೆ ಅದಕ್ಕೆ ಗಾಡಿ ಕಟ್ಟಿಕೊಟ್ಟಂತೆ.

ಹಾಗಾಗಿ ಭಾರತದಲ್ಲಿ ಟಿಶ್ಯೂ ಬಾಳೆಯನ್ನು ನಾಲ್ಕು ವೈರಸ್ಸಿಗಾಗಿ ಶೋಧಿಸುತ್ತಾರೆ. ಎಲ್ಲಕ್ಕಿಂತ ಕುಖ್ಯಾತವಾದದ್ದು ಬಂಚಿ ಟಾಪ್. 1879ರ ಹೊತ್ತಿಗೆ ಫಿಜಿ ದ್ವೀಪದಲ್ಲಿ ಕಂಡಿತು. 1920ರ ದಶಕದಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಉತ್ತರದ ಬಾಳೆ ಉದ್ಯಮವನ್ನೇ ಮಲಗಿಸಿತು. ಆಗ ಮಗೀ ಎಂಬ ತರುಣ ಸಂಶೋಧಕ ಇದನ್ನು ಹರಡುವುದು ಬಾಳೆಯ ಕರಿ ಹೇನು ಎಂದು ತೋರಿಸಿದ. ಶ್ರೀಲಂಕಾದಿಂದ 1940ರ ಸುಮಾರಿಗೆ ಕೇರಳಕ್ಕೆ ಬಂತು. ತಮಿಳುನಾಡಿನ ಪಳನಿ ಬೆಟ್ಟದ ವಿರೂಪಾಕ್ಷಿ ಬಾಳೆ 18,000 ಹೆಕ್ಟೇರಿನಿಂದ 2,000ಕ್ಕೆ ಇಳಿದದ್ದು ಮುಖ್ಯವಾಗಿ ಇದರಿಂದಲೇ. ರೋಗ ಹಿಡಿದ ಗಿಡದ ಎಲೆಗಳು ಕಿರಿದಾಗಿ, ನೆಟ್ಟಗೆ ನಿಂತು, ತುದಿಯಲ್ಲಿ ಒತ್ತೊತ್ತಾಗಿ ಗುಚ್ಛವಾಗುತ್ತವೆ. ಎಲೆಯ ದಂಟಿನ ಮೇಲೆ ಕಡುಹಸಿರು ಚುಕ್ಕಿ, ಗೆರೆ, ಮತ್ತೆ ಚುಕ್ಕಿ ಮೂಡುತ್ತವೆ. ರೋಗಶಾಸ್ತ್ರದವರು ಇದಕ್ಕೆ ತಂತಿ ಸಂದೇಶದ ಮೋರ್ಸ್ ಕೋಡ್ ಎಂದೇ ಹೆಸರಿಟ್ಟಿದ್ದಾರೆ. ಸಂದೇಶ ಮಾತ್ರ ತಡವಾಗಿ ತಲುಪುತ್ತದೆ: ಸೋಂಕು ತಗುಲಿ ಕನಿಷ್ಠ ಎರಡು ಹೊಸ ಎಲೆ ಬಿಡುವ ತನಕ ಗಿಡ ಏನನ್ನೂ ತೋರಿಸದು.

ಎರಡನೆಯದು ಹೂವಿನ ಕೆಂಪು ಪೊರೆಯ ಮೇಲೂ ದಿಂಡಿನ ಮೇಲೂ ಪಟ್ಟೆ ಮೂಡಿಸುವ ಬ್ರ್ಯಾಕ್ಟ್ ಮೊಸಾಯಿಕ್. ಕೇರಳದ ನೇಂದ್ರ ಬೆಳೆಗಾರರು ಅದನ್ನು ಕೊಕ್ಕಾನ್ ಎಂದು ಕರೆದರು. ಮೂರನೆಯದು ಸೌತೆ ಮೊಸಾಯಿಕ್. ಹೆಸರಷ್ಟೇ ಸೌತೆಯದು, ಅದು ಸಾವಿರಕ್ಕೂ ಹೆಚ್ಚು ಜಾತಿಯ ಗಿಡ ಹಿಡಿಯುತ್ತದೆ, ಮೆಣಸಿನಗಿಡವನ್ನೂ ಬಿಡದು. ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯಲ್ಲಿ ಕೂತು ಇದನ್ನು ಓದುವವರಿಗೆ ಅರ್ಥವಾದೀತು: ಎಳೆ ಬಾಳೆಯ ನಡುವೆ ಸೌತೆ, ಮೆಣಸು ಬೇಡ ಎಂದು ತಜ್ಞರು ಹೇಳುವುದು ಸುಮ್ಮನೆ ಅಲ್ಲ.

ಹಿಡಿಯುವ ಬಗೆ ಹೇಗೆ? ಹಳೆಯ ದಾರಿ ಎಲಿಸಾ. ವೈರಸ್ಸಿಗೆಂದೇ ತಯಾರಿಸಿದ ಪ್ರತಿಕಾಯಗಳನ್ನು ಪ್ಲಾಸ್ಟಿಕ್ ತಟ್ಟೆಯ ಗುಳಿಗಳಿಗೆ ಅಂಟಿಸಿ ಎಲೆರಸ ಹಾಕುತ್ತಾರೆ. ವೈರಸ್ ಇದ್ದರೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಮುಂದಿನ ಹಂತದಲ್ಲಿ ಬಣ್ಣ ಬರುತ್ತದೆ. ಇನ್ನೂ ಸೂಕ್ಷ್ಮವಾದದ್ದು ಪಿಸಿಆರ್. ವೈರಸ್ಸಿನ ಡಿಎನ್ಎಯ ಒಂದು ತುಣುಕು ಸಿಕ್ಕರೂ ಅದನ್ನು ಎರಡು, ನಾಲ್ಕು, ಎಂಟು ಮಾಡುತ್ತ ಹೋಗುವ ವಿದ್ಯೆ. 30 ಸುತ್ತು ಮುಗಿಯುವ ಹೊತ್ತಿಗೆ ಲೆಕ್ಕದ ಪ್ರಕಾರ ಒಂದು ತುಣುಕು 107 ಕೋಟಿ ದಾಟಿರುತ್ತದೆ! ಪ್ರತಿ ಸುತ್ತಿನಲ್ಲೂ 94–95 ಡಿಗ್ರಿ ಕಾಯಿಸಬೇಕು. ಆ ಬಿಸಿಗೆ ಜಗ್ಗದ ಕಿಣ್ವ ಮೊದಲು ದೊರೆತದ್ದು ಅಮೆರಿಕದ ಯೆಲ್ಲೋಸ್ಟೋನಿನ ಬಿಸಿನೀರ ಬುಗ್ಗೆಯಲ್ಲಿ ಬದುಕುವ ಬ್ಯಾಕ್ಟೀರಿಯಾದಿಂದ. ಎಲ್ಲಿಯ ಬುಗ್ಗೆ, ಎಲ್ಲಿಯ ಬಾಳೆ! ಇಷ್ಟೆಲ್ಲ ಜಾಣತನಕ್ಕೂ ಅಡ್ಡ ಬರುವುದು ಅಂಗಿಗೆ ಬಿದ್ದರೆ ಹೋಗದ ಬಾಳೆಯ ಕರೆ. ಎಲೆ ಅರೆದ ಕೂಡಲೇ ಅದರ ಪಾಲಿಫೀನಾಲುಗಳು ರಸವನ್ನು ಕಪ್ಪಾಗಿಸಿ ಕಿಣ್ವದ ಕೈ ಕಟ್ಟುತ್ತವೆ. ಅವನ್ನು ಹೀರುವ, ಕಪ್ಪಾಗದಂತೆ ತಡೆಯುವ ರಾಸಾಯನಿಕ ಬೆರೆಸಿದ ಮೇಲೇ ಮುಂದಿನ ಕೆಲಸ.

ಇನ್ನು ನಾಲ್ಕನೆಯದು, ಬನಾನಾ ಸ್ಟ್ರೀಕ್ ವೈರಸ್. ಇಡೀ ಕಥೆಯ ಮೈಜುಮ್ಮೆನಿಸುವ ಭಾಗ ಇಲ್ಲಿದೆ.

ಎಲೆಯ ಮೇಲೆ ಹಳದಿ ಗೆರೆ ಮೂಡಿಸುತ್ತದೆ, ಗೆರೆಗಳು ಬರುತ್ತವೆ, ಕೆಲ ತಿಂಗಳು ಕಾಣೆಯಾಗುತ್ತವೆ, ಹವೆ ಬದಲಾದಾಗ ಮರಳಿ ಬರುತ್ತವೆ. ಬಾಳೆ ತಳಿ ಅಭಿವೃದ್ಧಿ ಮಾಡುವವರನ್ನು ಇದೊಂದು ದೆವ್ವದಂತೆ ಕಾಡಿತು. ವೈರಸ್ ಇಲ್ಲವೆಂದು ಪರೀಕ್ಷೆಯಾದ ತಂದೆ, ಹಾಗೆಯೇ ಪರೀಕ್ಷೆಯಾದ ತಾಯಿ. ಅವುಗಳ ಮಿಶ್ರತಳಿಯನ್ನು ಟಿಶ್ಯೂ ಕಲ್ಚರ್ ಮಾಡಿ ಬೆಳೆಸಿದರೆ ಮಕ್ಕಳ ಎಲೆಯಲ್ಲಿ ಹಳದಿ ಗೆರೆ! ಹೇನಿಲ್ಲ, ಹಿಟ್ಟುತಿಗಣೆಯಿಲ್ಲ, ಸೋಂಕಿದ ನೆರೆಗಿಡವಿಲ್ಲ. ವೈರಸ್ ಬಂದದ್ದೆಲ್ಲಿಂದ?

ಗಿಡದ ಒಳಗಿಂದಲೇ. ಬಾಳೆಯ ಸ್ವಂತ ವರ್ಣತಂತುಗಳಲ್ಲೇ ವೈರಸ್ಸಿನ ಬರಹ ಸೇರಿಕೊಂಡಿದೆ ಎಂದು 1999ರಲ್ಲಿ ಎರಡು ತಂಡಗಳು ಪ್ರಕಟಿಸಿದವು. ಒಂದು ಅಮೆರಿಕದ ಮಿನ್ನೆಸೋಟದ್ದು, ಇನ್ನೊಂದು ಇಂಗ್ಲೆಂಡಿನ ನಾರಿಚ್‌ನ ಜಾನ್ ಇನ್ನೆಸ್ ಕೇಂದ್ರದ್ದು. ಆ ಬರಹ ಅಲ್ಲಿ ಸರಿಯಾದ ಕ್ರಮದಲ್ಲೂ ಇಲ್ಲ, ತುಂಡು ತುಂಡಾಗಿ, ಹಿಂದುಮುಂದಾಗಿ ಬಿದ್ದಿದೆ. ಬಾಟಲಿಯಲ್ಲಿ ಹಾರ್ಮೋನು ಕುಡಿದು ಕೋಶಗಳು ಅವಸರದಲ್ಲಿ ಒಡೆಯುವಾಗ, ಅಥವಾ ತಳಿಸಂಕರದ ಗಲಿಬಿಲಿಯಲ್ಲಿ, ಆ ತುಂಡುಗಳು ಒಂದಕ್ಕೊಂದು ಕೂಡಿಕೊಂಡು ಪೂರ್ತಿ ವೈರಸ್ಸಾಗಿ ಎದ್ದು ನಿಲ್ಲುತ್ತವೆ! ರೋಗ ಹೊರಗಿನಿಂದ ಬರುತ್ತದೆ ಎಂದೇ ನಂಬಿ ಬೆಳೆದ ನಮಗೆ ಇದನ್ನು ಜೀರ್ಣಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಬರಹ ಯಾವಾಗ ಸೇರಿತು? ಫ್ರೆಂಚ್ ಸಂಶೋಧಕರ ಅಂದಾಜು ಸುಮಾರು 6 ಲಕ್ಷ ವರ್ಷಗಳ ಹಿಂದೆ. ಬಾಳೆ ನೆಡುವ ಮನುಷ್ಯ ಆಗ ಹುಟ್ಟಿಯೇ ಇರಲಿಲ್ಲ.

ಎಲ್ಲ ಬಾಳೆಗೂ ಈ ಕಂಟಕವಿಲ್ಲ. ನಾವು ತಿನ್ನುವ ಬಾಳೆ ಬಹುತೇಕ ಎರಡು ಕಾಡುಬಾಳೆಗಳ ವಂಶ. ಒಂದನ್ನು ಎ ಎಂದೂ ಇನ್ನೊಂದನ್ನು ಬಿ ಎಂದೂ ಗುರುತಿಸುತ್ತಾರೆ. ಎದ್ದು ರೋಗ ತರಬಲ್ಲ ಬರಹ ಇರುವುದು ಬಿ ಅಂಶದಲ್ಲಿ. ಜಿ-9 ಬಾಳೆ ಬರೀ ಎ, ಹಾಗಾಗಿ ಅದಕ್ಕೆ ಒಳಗಿನ ಭಯವಿಲ್ಲ, ಹೊರಗಿನಿಂದ ಬರುವುದನ್ನು ನೋಡಿಕೊಂಡರಾಯಿತು. ನಮ್ಮ ಏಲಕ್ಕಿ ಬಾಳೆಯಲ್ಲಿ ಎ ಒಂದು, ಬಿ ಒಂದು. ನಂಜನಗೂಡು ರಸಬಾಳೆಯಲ್ಲಿ ಎರಡು ಎ, ಒಂದು ಬಿ. ತಮಿಳರು ಪೂವನ್ ಎನ್ನುವ ಬಾಳೆಯದೂ ಅದೇ ಲೆಕ್ಕ. ಹೊರದೇಶಗಳಲ್ಲಿ ಆ ಪೂವನ್ನಿನ ಹೆಸರೇ ‘ಮೈಸೂರು’. ಆಸ್ಟ್ರೇಲಿಯಾದಲ್ಲಿ ಆ ತಳಿಯಲ್ಲಿ ಸಿಕ್ಕ ವೈರಸ್ಸಿಗೂ ಮೈಸೂರಿನ ಹೆಸರೇ ಅಂಟಿತು! ಮೈಸೂರು ಮಲ್ಲಿಗೆ, ಮೈಸೂರು ಪಾಕಿನ ಪಕ್ಕದಲ್ಲಿ ಇದನ್ನು ಎಲ್ಲಿ ಕೂರಿಸುವುದೋ ಕಾಣೆ.

ಈಗ ಪರೀಕ್ಷೆ ಮಾಡುವವರ ಪೇಚು ನೋಡಿ. ಪಿಸಿಆರ್ ಕಣ್ಣಿಗೆ ವರ್ಣತಂತುವಿನಲ್ಲಿ ಮಲಗಿದ್ದ ವೈರಸ್ಸೂ ಎದ್ದದ್ದೂ ಒಂದೇ. ಏಲಕ್ಕಿ ಬಾಳೆಯ ಆರೋಗ್ಯವಂತ ಸಸಿಯಲ್ಲೂ ‘ಇದೆ’ ಎಂದೇ ಹೇಳಿಬಿಟ್ಟೀತು. ಬಿಡಿಸಿಕೊಂಡ ಉಪಾಯಗಳು ಸೊಗಸಾಗಿವೆ. ಒಂದರಲ್ಲಿ ಕೊಳವೆಯ ಒಳಗೋಡೆಗೆ ಪ್ರತಿಕಾಯ ಬಳಿದು ಎಲೆರಸ ಹಾಕುತ್ತಾರೆ. ಎದ್ದ ವೈರಸ್ಸಿಗೆ ಪ್ರೋಟೀನಿನ ಕವಚವಿರುವುದರಿಂದ ಅದು ಗೋಡೆಗೆ ಅಂಟಿಕೊಳ್ಳುತ್ತದೆ. ಗಿಡದ ಡಿಎನ್ಎಯನ್ನು ತೊಳೆದು, ಉಳಿದದ್ದನ್ನು ಕಿಣ್ವ ಹಾಕಿ ಕರಗಿಸಿ, ಆಮೇಲೆ ಕವಚ ಒಡೆದು ಪಿಸಿಆರ್ ನಡೆಸಿದರೆ ಸಿಕ್ಕದ್ದೆಲ್ಲ ನಿಜವಾದ ವೈರಸ್ಸೇ. ಇನ್ನೊಂದು ಉಪಾಯ ಆಕಾರ ನಂಬಿದ್ದು. ಎದ್ದ ವೈರಸ್ಸಿನ ಡಿಎನ್ಎ ಬಳೆಯಾಕಾರ, ವರ್ಣತಂತುವಿನೊಳಗಿನದು ಉದ್ದನೆಯ ಎಳೆ. ಬಳೆಯ ಮೇಲೆ ಸುತ್ತುತ್ತಲೇ ನಕಲು ತೆಗೆಯುತ್ತ ಹೋಗುವ ಒಂದು ಕಿಣ್ವವಿದೆ. ಅದು ಸುತ್ತಿ ಸುತ್ತಿ ಹೆಚ್ಚಿಸುವುದು ಬಳೆಯನ್ನು, ಎಳೆ ಹಿಂದೆಯೇ ಉಳಿಯುತ್ತದೆ. ಇದನ್ನು ಯೋಚಿಸಿದ ತಲೆಗೆ ಒಂದು ಶಾಲು ಹೊದಿಸಬೇಕು.

ಇದೆಲ್ಲ ಹಿರೇಕೆರೂರಿನ, ಶಿಗ್ಗಾಂವಿಯ ಬಾಳೆ ಹೊಲಕ್ಕೆ ತಲುಪುವುದು ಒಂದು ಚೀಟಿಯ ರೂಪದಲ್ಲಿ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಅಂಗಾಂಶ ಕೃಷಿ ಸಸಿಗಳಿಗೆ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ ತಂದಿತು. ಮಾನ್ಯತೆ ಪಡೆದ ಘಟಕದ ತಾಯಿಸಸಿಯನ್ನೂ, ಹೊರಡುವ ಸಸಿಗಳ ತಂಡವನ್ನೂ ಮಾನ್ಯತೆಯ ಪರೀಕ್ಷಾಲಯ ನೋಡಬೇಕು. ತಿರುಚ್ಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರ ಅಂಥದ್ದೊಂದು. ‘ಸಸಿ ಚಲೋ ಅದಾವೇನ್ರಿ’ ಎಂದು ಎಲೆ ಮುಟ್ಟಿ ಕೇಳುವ ಬದಲು ಪ್ರಮಾಣಪತ್ರ ತೋರಿಸಿ ಎಂದು ಕೇಳುವುದು ಲೇಸು, ಏಕೆಂದರೆ ಎಲೆ ಏನೂ ಹೇಳದು ಎಂಬುದನ್ನು ಈಗಾಗಲೇ ನೋಡಿದೆವು.

ಮಲಗಿದ್ದನ್ನು ಮಲಗಿದ್ದಂತೆಯೇ ಮುಗಿಸಬಹುದೇ? 2019ರಲ್ಲಿ ನೈರೋಬಿಯಲ್ಲಿ ಲೀನಾ ತ್ರಿಪಾಠಿಯವರ ತಂಡ ಡಿಎನ್ಎ ತಿದ್ದುವ ಕ್ರಿಸ್ಪರ್ ಎಂಬ ಕತ್ತರಿ ಹಿಡಿದು ಆಫ್ರಿಕದ ಒಂದು ಅಡುಗೆಬಾಳೆಯ ವರ್ಣತಂತುವಿಗೇ ಕೈಹಾಕಿತು, ಅಲ್ಲಿದ್ದ ವೈರಸ್ ಬರಹವನ್ನು ಕತ್ತರಿಸಿ ಕೆಡಿಸಿತು. ಆಮೇಲೆ ಗಿಡಗಳಿಗೆ ನೀರು ತಪ್ಪಿಸಿ ಕೆಣಕಿದರು. ತಿದ್ದಿದ ಗಿಡಗಳಲ್ಲಿ ಶೇ 75ರಷ್ಟರಲ್ಲಿ ಗೆರೆ ಮೂಡಲೇ ಇಲ್ಲ! ಬರಗಾಲ ತಾಳುವ ಗುಣ ಬಾಳೆಗೆ ಬರುವುದು ಹೆಚ್ಚಾಗಿ ಇದೇ ಬಿ ಕಡೆಯಿಂದ, ವೈರಸ್ ಏಳುವ ಅಂಜಿಕೆಗೆ ತಳಿಗಾರರು ದೂರ ಇಟ್ಟಿದ್ದೂ ಇದೇ ಬಿ ಯನ್ನು. ಆ ಅಂಜಿಕೆ ಕಳೆದರೆ ಹಾನಗಲ್ಲಿನ ಮಳೆ ಕಾಣದ ಸವಣೂರಿನ ಎರೆಹೊಲಕ್ಕೂ ಒಂದು ಬಾಳೆ ಹುಟ್ಟಬಹುದು.