200 ಗಂಟೆ ಹಾರಿದವರಿಗೆ ವಿಮಾನ ಕೊಡಬಹುದಾ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಪಿಯುಸಿ ಸೈನ್ಸ್ ಮಕ್ಕಳೇ, ಶಿವಮೊಗ್ಗದ ಸೋಗಾನೆಯಿಂದ ಏರುವ ವಿಮಾನ ನೋಡಿ ಪೈಲಟ್ ಆಗೋ ಆಸೆ ಬಂದಿದೆಯಾ?

ನಮ್ಮಲ್ಲಿ ಕಮರ್ಷಿಯಲ್ ಲೈಸೆನ್ಸ್‌ಗೆ ಕನಿಷ್ಠ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಹೊಣೆ ನಿಮ್ಮದೇ. ಆಮೇಲೆ ಏರ್‌ಬಸ್ಸೋ ಬೋಯಿಂಗೋ, ಆ ಮಾದರಿಯ ಸಿಮ್ಯುಲೇಟರ್ ತರಬೇತಿ ಮುಗಿಸಿದರೆ ಕೋ-ಪೈಲಟ್ ಸೀಟು.

ಅಮೆರಿಕದಲ್ಲಿ ಆ ಸೀಟಿಗೆ ಸಾಮಾನ್ಯವಾಗಿ 1500 ಗಂಟೆ ಬೇಕು. 2009ರಲ್ಲಿ ಬಫಲೋ ಹತ್ತಿರ ವಿಮಾನ ಬಿದ್ದ ಮೇಲೆ ಬಂದ ನಿಯಮ ಅದು. ಆದರೆ ಆ ವಿಮಾನದ ಇಬ್ಬರು ಪೈಲಟ್‌ಗಳೂ 1500 ದಾಟಿದವರೇ!

ನಮ್ಮ ಮಂಗಳೂರನ್ನೇ ನೋಡಿ. 2010ರ ಮೇ 22ರ ವಿಮಾನ ದುರಂತದಲ್ಲಿ 158 ಜನ ಸತ್ತರು. ಕ್ಯಾಪ್ಟನ್‌ಗೆ 10,000 ಗಂಟೆಗೂ ಮಿಕ್ಕಿದ ಅನುಭವ. ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ಇಳಿಸೋದು ಬಿಟ್ಟು ಮತ್ತೆ ಮೇಲೇರಿ, 'ಗೋ ಅರೌಂಡ್' ಅಂತ ಕೋ-ಪೈಲಟ್ ಮೂರು ಸಲ ಹೇಳಿದ್ದರು ಎನ್ನುತ್ತದೆ ತನಿಖಾ ವರದಿ. ಕಿರಿಯರ ಮಾತೇ ಸರಿ ಇತ್ತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಂತ 200 ಸಾಕು ಅಂತ ನಾನು ಹೇಳಲ್ಲ. ಅಡ್ಡಗಾಳಿ, ಮುಂಗಾರಿನ ಮೋಡ, ರಾತ್ರಿ ಲ್ಯಾಂಡಿಂಗ್ ಕೈಗೆ ಹತ್ತೋಕೆ ಹಾರಲೇಬೇಕು. ತರಬೇತಿ ಶಾಲೆಗೆ ಸೇರುವ ಮುಂಚೆ, ಆ ಗಂಟೆಗಳಲ್ಲಿ ಇದನ್ನೆಲ್ಲ ಎಷ್ಟು ಮಾಡಿಸ್ತೀರಿ ಅಂತ ಕೇಳಿ.