ಸ್ನಾಯುಗಂಟಿಗೆ ಸೂಜಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಕುತ್ತಿಗೆ, ಹೆಗಲು, ಸೊಂಟದ ನೋವು ತಿಂಗಳುಗಟ್ಟಲೆ ಕಾಡಿದಾಗ ಹಲವರು ಸೂಜಿ ಚಿಕಿತ್ಸೆಯತ್ತ ತಿರುಗುತ್ತಾರೆ. ಬಿಗಿದ ಸ್ನಾಯುವಿನಲ್ಲಿ ಒತ್ತಿದೊಡನೆ ನೋಯುವ ಗಂಟಿಗೆ ‘ಟ್ರಿಗರ್ ಪಾಯಿಂಟ್’ ಎಂದೂ ಸ್ನಾಯುವನ್ನು ಆವರಿಸಿರುವ ಪೊರೆಗೆ ‘ಫೇಶಿಯಾ’ ಎಂದೂ ಹೆಸರು. ಇವುಗಳಿಗೆ ಸೂಜಿ ಚುಚ್ಚುವುದರ ಬಗ್ಗೆ ಕೆಲವರಿಗೆ ಅತಿ ಭಯ, ಕೆಲವರಿಗೆ ಅತಿ ಭರವಸೆ. ಎರಡರಿಂದಲೂ ನಷ್ಟ ರೋಗಿಗೇ.

ತಪ್ಪು ಕಲ್ಪನೆ 1: ಸೂಜಿಯ ಮೂಲಕ ಔಷಧ ಸೇರಿಸುತ್ತಾರೆ.
ವಾಸ್ತವ: ಇದು ಟೊಳ್ಳಿಲ್ಲದ ಸೂಜಿ, ದಪ್ಪ ಸಾಮಾನ್ಯವಾಗಿ 0.3 ಮಿಲಿಮೀಟರ್ ಆಸುಪಾಸು. ನೋವಿನ ಬಿಂದುವಿಗೆ ಔಷಧ ಚುಚ್ಚಿದಾಗ ಸಿಗುವ ಆರಾಮದಲ್ಲಿ ಸೂಜಿಯ ಪಾಲೂ ಇದೆ ಎಂದು ಜೆಕ್ ವೈದ್ಯ ಕಾರೆಲ್ ಲೆವಿಟ್ 1979ರಲ್ಲಿ ಬರೆದರು. ಔಷಧವಿಲ್ಲದೆ ಬರೀ ಸೂಜಿ ಚುಚ್ಚುವ ಈ ‘ಡ್ರೈ ನೀಡ್ಲಿಂಗ್’ ಬೆಳೆದದ್ದು ಆ ಬಳಿಕ.

ತಪ್ಪು ಕಲ್ಪನೆ 2: ನೋವಿದ್ದಲ್ಲೇ ಚುಚ್ಚಬೇಕು.
ವಾಸ್ತವ: ಸ್ನಾಯುವಿನ ನೋವು ಹುಟ್ಟುವುದು ಒಂದು ಕಡೆ, ಕಾಣಿಸಿಕೊಳ್ಳುವುದು ಇನ್ನೊಂದು ಕಡೆ ಆಗಿರಬಹುದು. ಹೆಗಲ ಮೇಲಿನ ಗಂಟು ಕಣತಲೆ ನೋಯಿಸಬಹುದು. ಪೃಷ್ಠದ ಒಳಸ್ನಾಯುವಿನ ಗಂಟು ಕಾಲಿನುದ್ದಕ್ಕೂ ಸೆಳೆದಾಗ ‘ನರ ಹಿಡಿದಿದೆ’ ಎಂದುಕೊಳ್ಳುತ್ತೇವೆ. ಅಮೆರಿಕದ ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್ ಇಂಥ ನೋವಿನ ನಕ್ಷೆಗಳನ್ನು 1983ರಲ್ಲಿ ಪುಸ್ತಕವಾಗಿ ತಂದರು. ಆದರೂ ಗಂಟನ್ನು ಗುರುತಿಸುವಲ್ಲಿ ಪರಿಣತರ ನಡುವೆಯೇ ಒಮ್ಮತ ಕಡಿಮೆ.

ತಪ್ಪು ಕಲ್ಪನೆ 3: ಸೂಜಿ ಬಿಗಿಯಾಗಿ ಹಿಡಿದುಕೊಂಡರೆ ನರಕ್ಕೆ ತಗುಲಿದೆ ಎಂದರ್ಥ.
ವಾಸ್ತವ: ಸೂಜಿಯನ್ನು ತಿರುಗಿಸಿದಾಗ ಫೇಶಿಯಾದಂಥ ಸಂಯೋಜಕ ಅಂಗಾಂಶದ ಎಳೆಗಳು ಕದಿರಿಗೆ ನೂಲು ಸುತ್ತಿಕೊಂಡಂತೆ ಅದಕ್ಕೆ ಸುತ್ತಿಕೊಳ್ಳುತ್ತವೆ. ವರ್ಮಾಂಟ್ ವಿಶ್ವವಿದ್ಯಾಲಯದ ಹೆಲೆನ್ ಲ್ಯಾಂಜೆವಿನ್ ತಂಡ ಇದನ್ನು ಪ್ರಯೋಗಗಳಲ್ಲಿ ತೋರಿಸಿದೆ. ಗಂಟಿಗೆ ತಾಗಿದಾಗ ಸ್ನಾಯು ಒಮ್ಮೆ ಅದುರುವುದೂ ಸಹಜ. ಆದರೆ ಕರೆಂಟ್ ಹೊಡೆದಂಥ ಅನುಭವವಾದರೆ ಕೂಡಲೇ ಹೇಳಿ.

ತಪ್ಪು ಕಲ್ಪನೆ 4: ಸೂಜಿಯಿಂದ ನೋವು ಬುಡಸಮೇತ ಹೋಗುತ್ತದೆ.
ವಾಸ್ತವ: ಅಧ್ಯಯನಗಳಲ್ಲಿ ಕಂಡದ್ದು ಹೆಚ್ಚಾಗಿ ಅಲ್ಪಾವಧಿಯ ಉಪಶಮನ. ಚುಚ್ಚಿದಂತೆ ಭಾಸವಾಗಿಸುವ ಹುಸಿ ಸೂಜಿಯೊಂದಿಗೆ ಹೋಲಿಸಿದಾಗ ವ್ಯತ್ಯಾಸ ಹಲವು ಬಾರಿ ಚಿಕ್ಕದು. ನೋವು ತಗ್ಗಿದ ಆ ದಿನಗಳಲ್ಲಿ ವ್ಯಾಯಾಮ ಆರಂಭಿಸಿ, ಕೂರುವ, ದುಡಿಯುವ ರೀತಿ ತಿದ್ದಿಕೊಂಡರೆ ಚಿಕಿತ್ಸೆಗೆ ಬೆಲೆ. ಬರೀ ಸೂಜಿಯನ್ನೇ ನೆಚ್ಚಿದರೆ ನೋವು ಮರಳುವ ಸಾಧ್ಯತೆ ಹೆಚ್ಚು.

ತಪ್ಪು ಕಲ್ಪನೆ 5: ಕೂದಲೆಳೆಯಷ್ಟು ಸಪೂರ ಸೂಜಿ, ಅಪಾಯವೇ ಇಲ್ಲ.
ವಾಸ್ತವ: ಒಂದೆರಡು ದಿನ ಚುಚ್ಚಿದ ಜಾಗದಲ್ಲಿ ನೋವು, ಚರ್ಮ ಕಂದುವುದು ಸಾಮಾನ್ಯ. ಆದರೆ ಹೆಗಲು, ಎದೆ, ಬೆನ್ನಿನ ಮೇಲ್ಭಾಗದಲ್ಲಿ ಶ್ವಾಸಕೋಶ ಚರ್ಮದಿಂದ ಬಹಳ ದೂರವಿಲ್ಲ. ಸೂಜಿ ಆಳಕ್ಕಿಳಿದರೆ ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶ ಕುಸಿಯಬಹುದು. ಇದು ಅಪರೂಪ, ಆದರೆ ಗಂಭೀರ. ಸೂಜಿ ಹಾಕಿಸಿಕೊಂಡ ಮೇಲೆ, ಕೆಲವು ಗಂಟೆಗಳ ನಂತರವೂ, ಎದೆನೋವು, ಉಸಿರಾಟದ ತೊಂದರೆ ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆಗೆ ಮುನ್ನ ರಕ್ತ ತೆಳುವಾಗಿಸುವ ಮಾತ್ರೆ, ಗರ್ಭಧಾರಣೆ, ಮಧುಮೇಹದ ವಿಷಯ ಮುಚ್ಚಿಡಬೇಡಿ. ಒಮ್ಮೆ ಮಾತ್ರ ಬಳಸುವ ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ತೆರೆಯಲಿ; ಚುಚ್ಚುವವರ ತರಬೇತಿ ಏನೆಂದು ಸಂಕೋಚವಿಲ್ಲದೆ ಕೇಳಿ. ನೋವಿನ ಜೊತೆಗೆ ಕಾಲಿನ ಬಲ ಕುಂದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ, ಜ್ವರವಿದ್ದರೆ ಸೂಜಿಗಿಂತ ಮೊದಲು ವೈದ್ಯರನ್ನು ಕಾಣಿ.